ಡಾಕ್ಟರಮ್ಮನ ಕಾರಿನ ಟೈಮಿಂಗ್

ಆಯುಧಪೂಜೆ ಮುಗಿದ ವಾರ ನಮ್ಮ ಗ್ಯಾರೇಜಿನಲ್ಲಿ ಕೆಲಸ ಸ್ವಲ್ಪ ಸಡಿಲ. ಷಟರಿಗೆ ಕಟ್ಟಿದ ಬಾಳೆಕಂದು ಒಣಗಿ ಸುರುಳಿ ಸುತ್ತಿಕೊಂಡಿರುತ್ತದೆ, ಒಡೆದ ಬೂದುಗುಂಬಳದ ಬೀಜ ಚರಂಡಿ ಕಲ್ಲಿನ ಸಂದಿಯಲ್ಲಿ ಇನ್ನೂ ಕೂತಿರುತ್ತದೆ. ಅಂಥದೊಂದು ಬೆಳಿಗ್ಗೆ, ನಾನು ಉಪ್ಪಿಟ್ಟಿನ ಡಬ್ಬಿ ತೊಳೆದಿಡುತ್ತಿದ್ದಾಗ, ಡಾಕ್ಟರಮ್ಮನ ಕಾರು ಬಂತು.

ಇಟ್ಟಮಡುವಿನ ಈ ಗ್ಯಾರೇಜನ್ನು ನಾನೂ ನಮ್ಮ ಮನೆಯವರೂ ಸೇರಿ ನಡೆಸುತ್ತೇವೆ. ಎಂಜಿನ್, ಗೇರ್‌ಬಾಕ್ಸ್, ಬ್ರೇಕು ಅವರದ್ದು. ವೈರಿಂಗ್, ಬ್ಯಾಟರಿ, ಇಗ್ನಿಷನ್ ನನ್ನದು. ಡಾಕ್ಟರಮ್ಮ ಜಯನಗರದವರು, ವಯಸ್ಸಾದರೂ ತಲಘಟ್ಟಪುರದ ತಮ್ಮ ಚಿಕ್ಕ ಕ್ಲಿನಿಕ್ಕನ್ನು ಬಿಟ್ಟಿಲ್ಲ. ಕಾರು ತೊಂಬತ್ತರ ದಶಕದ ಕೊನೆಯದು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇದೆ, ಆದರೆ ಅದರೊಳಗೆ ಹಳೆಯ ಕಾಲದ ಪಾಯಿಂಟ್ ಇಲ್ಲ. ಕಿಡಿ ಯಾವಾಗ ಹಾರಬೇಕೆಂದು ಡ್ಯಾಶ್‌ಬೋರ್ಡಿನ ಕೆಳಗಿರುವ ಒಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ಕಾರು ಹೊಸದಾಗಿ ಬಂದಾಗಿನಿಂದ ಓಡಿಸುತ್ತಿದ್ದವರು ವಸಂತಪುರದ ಡ್ರೈವರಣ್ಣ. ಡಾಕ್ಟರಮ್ಮನ ಮನೆಯ ಕೀಲಿಗೊಂಚಲು ಅವರ ಜೇಬಿನಲ್ಲೇ ಇರುತ್ತಿತ್ತು, ಅಷ್ಟು ನಂಬಿಕೆ.

ಬಾನೆಟ್ ಎತ್ತಿದೆ. ಏರ್ ಫಿಲ್ಟರ್ ಡಬ್ಬಿಯ ಮೇಲೆ ಅಚ್ಚುಕಟ್ಟಾಗಿ ಮೂರು ಬಿಳಿ ಪಟ್ಟೆ, ನಡುವೆ ಕುಂಕುಮ.

“ಏನಣ್ಣ, ಈ ಸಲ ವಿಭೂತಿ ಜೋರಾಗಿದೆ?”

“ವಿಭೂತಿ ಅಲ್ಲ ಅಕ್ಕ, ಪೈಂಟು. ವಿಭೂತಿ ಹಚ್ಚಿದ್ರೆ ಬಿಸಿಗೆ ಉದುರ್ಹೋಗುತ್ತೆ, ಮಾರನೇ ದಿನಕ್ಕೆ ಶಿವ ಇರಲ್ಲ. ಮನೆ ಗೇಟಿಗೆ ಬಳಿದಿದ್ದು ಮಿಕ್ಕಿತ್ತು. ಇದು ಮುಂದಿನ ಪೂಜೆವರ್ಗೂ ಅಳ್ಳಾಡಲ್ಲ.”

“ಒಂದ್ಸಲ ಬಳಿದು ವರ್ಷವೆಲ್ಲ ಪುಣ್ಯ ತಗೊಳ್ತೀರ ಬಿಡಿ.”

“ಡ್ರೈವರ್ ಕೆಲಸದಲ್ಲಿ ಇನ್ನೇನು ಸಿಗುತ್ತೆ ಅಕ್ಕ, ಅದಾದ್ರೂ ಸಿಗ್ಲಿ,” ಎಂದು ನಗುತ್ತಾ ಅವರು ಎದುರಿನ ಅಂಗಡಿಗೆ ಟೀ ಕುಡಿಯಲು ಹೋದರು.

ಮಾಮೂಲಿ ಸರ್ವೀಸು. ಪ್ಲಗ್ಗು, ಡಿಸ್ಟ್ರಿಬ್ಯೂಟರ್ ಕ್ಯಾಪು, ರೋಟರ್ ಬದಲಿಸಿದೆ. ಇವನ್ನು ಬದಲಿಸಿದ ಮೇಲೆ ಟೈಮಿಂಗ್ ನೋಡುವುದು ನನ್ನ ಪದ್ಧತಿ. ಪಿಸ್ಟನ್ ಪೂರ್ತಿ ಮೇಲೆ ಬರುವುದಕ್ಕೆ ಸ್ವಲ್ಪ ಮೊದಲೇ ಕಿಡಿ ಹಾರಬೇಕು. ಎಷ್ಟು ಮೊದಲು ಎನ್ನುವುದನ್ನು ಡಿಗ್ರಿಯಲ್ಲಿ ಅಳೆಯುತ್ತೇವೆ. ಎಂಜಿನ್ನಿನ ಪಕ್ಕದಲ್ಲಿ ಸುತ್ತುವ ಪುಲ್ಲಿಯ ಅಂಚಿನಲ್ಲಿ ಕಂಪನಿಯವರೇ ಕೊರೆದ ಒಂದು ಚಿಕ್ಕ ಕಚ್ಚು ಇರುತ್ತದೆ, ಅದರ ಎದುರು ಡಿಗ್ರಿಯ ಪಟ್ಟಿ. ಟೈಮಿಂಗ್ ಲೈಟಿನ ಕ್ಲಾಂಪನ್ನು ಮೊದಲನೇ ಪ್ಲಗ್ಗಿನ ವೈರಿಗೆ ಹಾಕಿದರೆ, ಆ ವೈರಿನಲ್ಲಿ ಕಿಡಿ ಹರಿದಾಗಲೆಲ್ಲ ಲೈಟು ಮಿನುಗುತ್ತದೆ. ಆ ಮಿನುಗಿನಲ್ಲಿ ಸುತ್ತುವ ಪುಲ್ಲಿ ನಿಂತಂತೆ ಕಾಣುತ್ತದೆ, ಗುರುತು ಯಾವ ಅಂಕಿಯ ಎದುರು ನಿಂತಿದೆ ಎಂದು ಓದಿಕೊಳ್ಳಬಹುದು.

ಈ ಕಾರಿಗೆ ಇರಬೇಕಾದ್ದು ಎಂಟು ಡಿಗ್ರಿ. ಲೈಟು ಹಿಡಿದೆ. ಪುಲ್ಲಿಯ ಮೇಲೆ ಬಿಳಿ ಗುರುತು ಸ್ವಚ್ಛವಾಗಿ ಕಂಡಿತು. ನಿಂತಿದ್ದು ಇಪ್ಪತ್ತರ ಎದುರು.

ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಮೊದಲ ರೀಡಿಂಗನ್ನು ನಾನು ನಂಬುವುದಿಲ್ಲ. ಕ್ಲಾಂಪಿನ ಮೇಲೊಂದು ಬಾಣದ ಗುರುತಿದೆ, ಅದು ಪ್ಲಗ್ಗಿನ ಕಡೆಗೆ ಮುಖ ಮಾಡಿರಬೇಕು. ತಿರುಗಿಸಿ ಹಾಕಿದ್ದರೆ ರೀಡಿಂಗ್ ಜಾರುತ್ತದೆ. ನೋಡಿದೆ, ಸರಿಯಾಗಿತ್ತು. ಪಕ್ಕದ ವೈರು ತಾಗುತ್ತಿದ್ದರೆ ಅದರ ಕಿಡಿಯನ್ನೂ ಕ್ಲಾಂಪು ಹಿಡಿದುಬಿಡುತ್ತದೆ. ವೈರುಗಳನ್ನು ಬಿಡಿಸಿ ದೂರ ಇಟ್ಟೆ. ಇನ್ನು ಕಂಪ್ಯೂಟರ್. ಅದು ತನ್ನ ಪಾಡಿಗೆ ಕಿಡಿಯನ್ನು ಹಿಂದೆ ಮುಂದೆ ಮಾಡುತ್ತಲೇ ಇರುತ್ತದೆ. ಟೆಸ್ಟ್ ಸಾಕೆಟ್ಟಿನ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಸೇರಿಸಿದರೆ ಮಾತ್ರ ಸುಮ್ಮನಾಗಿ ಮೂಲ ಟೈಮಿಂಗ್ ತೋರಿಸುತ್ತದೆ. ವೈರನ್ನು ತೆಗೆದು, ಪಿನ್ನುಗಳನ್ನು ಉಜ್ಜಿ, ಮತ್ತೆ ಹಾಕಿದೆ. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಕಾದೆ. ಮನೆಯಿಂದ ತಂದಿದ್ದ ಫ್ಲಾಸ್ಕಿನ ಕಾಫಿ ಕುಡಿದು ಮತ್ತೆ ಲೈಟು ಹಿಡಿದೆ.

ಅದೇ ಇಪ್ಪತ್ತು. ಅಲುಗಾಡದೆ ನಿಂತಿತ್ತು.

ಡಿಸ್ಟ್ರಿಬ್ಯೂಟರನ್ನೇ ಯಾರೋ ಮುಂಚೆ ತಿರುಗಿಸಿಬಿಟ್ಟಿದ್ದಾರೆ ಎಂದುಕೊಂಡೆ. ಬೋಲ್ಟ್ ಸಡಿಲಿಸಲು ಸ್ಪ್ಯಾನರ್ ತೆಗೆದುಕೊಂಡಾಗ ನಮ್ಮ ಮನೆಯವರು ಪಕ್ಕದ ಕಾರಿನ ಕೆಳಗಿಂದ ತಲೆ ಹೊರಗೆ ಹಾಕಿದರು.

“ಓಡ್ತಿರೋ ಗಾಡಿ ಕಣೇ, ಯಾಕೆ ಕೆದಕ್ತೀಯ?”

“ಇಪ್ಪತ್ತು ತೋರಿಸ್ತಿದೆ ರೀ. ಎಂಟಿರಬೇಕು.”

“ಇಪ್ಪತ್ತಿದ್ರೆ ಏರಲ್ಲಿ ಎಂಜಿನ್ ಕಟಕಟ ಅನ್ನಬೇಕಿತ್ತಲ್ಲ? ಅವರು ಹಾಗೇನೂ ಹೇಳ್ಲಿಲ್ಲ.”

“ನೀವು ಕಿವಿಯಲ್ಲಿ ಟೈಮಿಂಗ್ ಇಡೋ ಕಾಲದವ್ರು. ಸುಮ್ನಿರಿ.”

ಅವರು ತಲೆ ಒಳಗೆಳೆದುಕೊಂಡರು. ಅವರ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ತಿರುಗಿಸಿದೆ, ಬಿಳಿ ಗುರುತು ಇಳಿದು ಬಂದು ಎಂಟರ ಎದುರು ನಿಂತಿತು. ಬೋಲ್ಟ್ ಬಿಗಿ ಮಾಡಿದೆ. ಎಂಜಿನ್ ಸದ್ದು ಕೊಂಚ ಸಪ್ಪೆಯಾದಂತೆ ಅನ್ನಿಸಿತು. ಆದರೆ ಈ ಕಾರುಗಳಲ್ಲಿ ಕಂಪ್ಯೂಟರೇ ಗಾಳಿ ಹೆಚ್ಚು ಕಡಿಮೆ ಮಾಡಿ ಐಡಲನ್ನು ಸರಿದೂಗಿಸಿಬಿಡುತ್ತದೆ, ಆಮೇಲೆ ಕಿವಿಗೆ ಏನೂ ತಿಳಿಯುವುದಿಲ್ಲ. ಇಟ್ಟಮಡುವಿನ ಸಪಾಟು ರಸ್ತೆಯಲ್ಲೊಂದು ಸುತ್ತು ಹೋಗಿ ಬಂದು ಕೀ ಕೊಟ್ಟೆ.

ಹೆಚ್ಚು ದಿನ ಆಗಲಿಲ್ಲ, ಡ್ರೈವರಣ್ಣ ಮತ್ತೆ ಬಂದರು.

“ಅಕ್ಕ, ಗಾಡಿ ಎಳೀತಿಲ್ಲ. ದೇವಸ್ಥಾನದ ಏರಲ್ಲಿ ಎರಡನೇ ಗೇರಿಗೆ ಬರಬೇಕು. ಸಿಗ್ನಲ್ಲಲ್ಲಿ ನಿಂತ್ರೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗುತ್ತೆ. ಪೆಟ್ರೋಲು ನೀರು ಕುಡಿದಂಗೆ ಕುಡೀತಿದೆ.”

ನಾನು ಮೊದಲು ನೋಡಿದ್ದು ಟೈಮಿಂಗನ್ನೇ. ಬಾಣ, ವೈರು, ತುಂಡು ವೈರು, ಎಲ್ಲ ಮತ್ತೆ ಮೊದಲಿನಿಂದ. ಗುರುತು ಎಂಟರ ಎದುರು ಗೋಡೆಗೆ ಮೊಳೆ ಹೊಡೆದಂತೆ ನಿಂತಿತ್ತು. ಅಲ್ಲಿಗೆ ಇಗ್ನಿಷನ್ನನ್ನು ಮನಸ್ಸಿನಿಂದ ತೆಗೆದುಹಾಕಿದೆ. ಅದು ದೊಡ್ಡ ತಪ್ಪು. ಆಮೇಲೆ ನಾವಿಬ್ಬರೂ ಉಳಿದದ್ದನ್ನೆಲ್ಲ ಹುಡುಕಿದೆವು. ಬ್ರೇಕು ಹಿಡಿದುಕೊಂಡಿದೆಯೇ ಎಂದು ನಾಲ್ಕೂ ಚಕ್ರ ಎತ್ತಿ ತಿರುಗಿಸಿದ್ದಾಯಿತು. ಥರ್ಮೋಸ್ಟಾಟ್ ಬದಲಿಸಿದ್ದಾಯಿತು. ಇಂಜೆಕ್ಟರ್ ತೊಳೆಸಿದ್ದಾಯಿತು. ಪೆಟ್ರೋಲ್ ಎಲ್ಲಾದರೂ ಸೋರುತ್ತಿದೆಯೇ ಎಂದು ಟ್ಯಾಂಕಿನ ಕೆಳಗೆ ಹಳೆ ಪೇಪರ್ ಹಾಸಿ ನೋಡಿದ್ದಾಯಿತು. ಕಾರು ಹೋಗುವುದು, ಬರುವುದು. ಪ್ರತಿ ಸಲ ಬಂದಾಗಲೂ ಡ್ರೈವರಣ್ಣನ ಮಾತು ಕಡಿಮೆಯಾಗುತ್ತಿತ್ತು. ಟೀ ಕುಡಿಯಲು ಹೋಗುವುದನ್ನು ಬಿಟ್ಟು ಕಾರಿನ ಪಕ್ಕದಲ್ಲೇ ನಿಲ್ಲುತ್ತಿದ್ದರು.

ಒಂದು ದಿನ ಹಿಂದಿನ ಸೀಟಿನಿಂದ ಡಾಕ್ಟರಮ್ಮನೇ ಇಳಿದರು. ನಾನು ಕುರ್ಚಿ ಒರೆಸಿ ಕೊಟ್ಟರೂ ಕೂರಲಿಲ್ಲ. ಡ್ರೈವರಣ್ಣನಿಗೆ ಮಜ್ಜಿಗೆ ಪ್ಯಾಕೆಟ್ ತರಲು ಹೇಳಿ ಕಳಿಸಿ, ನನ್ನ ಕಡೆ ತಿರುಗಿದರು.

“ನೋಡಮ್ಮ, ನಂಗೆ ಒಂದೇ ಮಾತಲ್ಲಿ ಹೇಳು. ಗಾಡೀಲಿ ತೊಂದರೆ ಇದ್ಯಾ ಇಲ್ವಾ?”

“ಯಾಕೆ ಮೇಡಂ?”

“ನನ್ನ ತಮ್ಮ ತಲೆ ತಿಂತಿದ್ದಾನೆ. ಗಾಡಿ ಸರಿಯಾಗಿದ್ದೂ ಪೆಟ್ರೋಲು ಹೀಗೆ ಖಾಲಿಯಾಗ್ತಿದ್ರೆ, ಡ್ರೈವರ್ ತೆಗೆದು ಮಾರ್ಕೊಳ್ತಿದ್ದಾನೆ ಅಂತಲೇ ಅರ್ಥ ಅಂತಾನೆ. ನಂಗೆ ಹಾಗನ್ಸಲ್ಲ. ಆದ್ರೆ ಹಾಗನ್ಸಲ್ಲ ಅಂತ ಎಷ್ಟು ದಿನ ಹೇಳ್ಲಿ?”

ಅಷ್ಟರಲ್ಲಿ ಡ್ರೈವರಣ್ಣ ಮಜ್ಜಿಗೆ ಹಿಡಿದು ಬಂದು ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ, ಮುಖ ನೋಡಿದರೆ ಪೂರ್ತಿ ಕೇಳಿಸಿತ್ತು.

ನನಗೆ ಅವರನ್ನು ಉಳಿಸಬೇಕೆಂಬ ಆಸೆಯೇ ಇತ್ತು. ಕಾರಿನಲ್ಲಿ ಒಂದು ದೋಷ ಸಿಕ್ಕಿದರೆ ಸಾಕು, ಅವರ ಹೆಸರು ಉಳಿಯುತ್ತಿತ್ತು. ಡಾಕ್ಟರಮ್ಮನ ಎದುರಿಗೇ ಎಂಜಿನ್ ಶುರು ಮಾಡಿ ಲೈಟು ಹಿಡಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು. ಬಿಳಿ ಗುರುತು, ಎಂಟರ ಗೆರೆ, ಎರಡೂ ಒಂದಕ್ಕೊಂದು ಅಂಟಿಕೊಂಡಂತಿದ್ದವು.

“ಇದು ಸರಿಯಾಗಿದೆ ಅಂತಾನಾ?”

“ಹೌದು ಮೇಡಂ. ಇಗ್ನಿಷನ್ ಕಡೆಯಿಂದ ಏನೂ ತೊಂದರೆ ಇಲ್ಲ. ಬೇರೆ ಕಡೆಯೂ ನಮಗೆ ಏನೂ ಸಿಕ್ಕಿಲ್ಲ.”

ಹೇಳಿದ್ದು ಇಷ್ಟೇ. ನನಗೆ ತಿಳಿದ ಮಟ್ಟಿಗೆ ಅದು ನಿಜವೂ ಆಗಿತ್ತು. ಡ್ರೈವರಣ್ಣ ಮಜ್ಜಿಗೆ ಪ್ಯಾಕೆಟ್ಟನ್ನು ಮಡ್‌ಗಾರ್ಡಿನ ಮೇಲಿಟ್ಟರು.

“ಗಾಡಿ ಸರಿಯಿದ್ಯಾ ಅಂತ ಲೈಟು ನೋಡುತ್ತೆ ಅಕ್ಕ. ಲೈಟು ನೋಡ್ತಿರೋದು ಸರೀನಾ ಅಂತ ಯಾರು ನೋಡ್ತಾರೆ?”

ನನಗೆ ಸ್ವಲ್ಪ ಕೋಪವೇ ಬಂತು. “ಲೈಟು ಬೇರೆ ಗಾಡಿಗಳಿಗೆಲ್ಲ ಸರಿಯಾಗೇ ತೋರಿಸ್ತಿದೆಯಲ್ಲ ಅಣ್ಣ,” ಎಂದೆ. ಅವರು ಮಜ್ಜಿಗೆ ಪ್ಯಾಕೆಟ್ಟನ್ನು ತೆಗೆದು ಡಾಕ್ಟರಮ್ಮನ ಕೈಗೆ ಕೊಟ್ಟರು. ಡಾಕ್ಟರಮ್ಮನಿಗೆ ಹಿಂದಿನ ಬಾಗಿಲು ತೆರೆದು, ಅವರು ಕೂತ ಮೇಲೆ ಸೀರೆಯ ಸೆರಗು ಸಿಕ್ಕಿಕೊಳ್ಳದಂತೆ ನೋಡಿ, ಬಾಗಿಲು ಹಾಕಿ ಹೊರಟರು.

ಆಮೇಲೆ ತಿಳಿದದ್ದು: ಡಾಕ್ಟರಮ್ಮ ಅವರನ್ನು ಕೆಲಸದಿಂದ ಬಿಡಿಸಲಿಲ್ಲ. ಡ್ರೈವರಣ್ಣನೇ ಮನೆಗೆ ಹೋಗಿ ಕಾರು ತೊಳೆದು ನಿಲ್ಲಿಸಿ, ಕಾರಿನ ಕೀಯನ್ನೂ ಮನೆಯ ಗೊಂಚಲನ್ನೂ ಟೇಬಲ್ಲಿನ ಮೇಲಿಟ್ಟು, “ಬರ್ತೀನಮ್ಮ” ಅಂದರಂತೆ. ದಿನಾ ಸಂಜೆ ಹೇಳುವ ಮಾತೇ ಆದ್ದರಿಂದ ಡಾಕ್ಟರಮ್ಮ ತಲೆಯೆತ್ತಿ ನೋಡಿರಲಿಲ್ಲ.

ಕಾರು ಮುಂದಿನ ಸಲ ಬಂದದ್ದು ಟೋಯಿಂಗ್ ಗಾಡಿಯ ಹಿಂದೆ. ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಕುದಿದು ನಿಂತಿತ್ತು. ಜೊತೆಗೆ ಬಂದವನು ಹೊಸ ಡ್ರೈವರ್, ಬಿಟಿಎಂ ಕಡೆಯವನು, ಮಾತು ಸ್ವಲ್ಪ ಜಾಸ್ತಿ.

“ಇದೇನು ಅಕ್ಕ, ಗಾಡೀನಾ ಬಾಯ್ಲರಾ? ಮೇಡಂ ತಮ್ಮ ಬೇರೆ ದಿನಾ ಪೆಟ್ರೋಲ್ ಮುಳ್ಳು ನೋಡಿ ನನ್ ಮುಖ ನೋಡ್ತಾರೆ. ನಾನೇನು ಕುಡೀತೀನಾ ಪೆಟ್ರೋಲು?”

ನಾನು ಸ್ಪ್ಯಾನರ್ ಕೆಳಗಿಟ್ಟೆ. ಹೊಸ ಮನುಷ್ಯ, ಅದೇ ಪೆಟ್ರೋಲು. ಹಾಗಾದರೆ ತಪ್ಪು ಕಾರಿನಲ್ಲೇ ಇದೆ. ನಾನು ಸರಿಯಿದೆ ಎಂದು ಎಲ್ಲರಿಗೂ ಹೇಳಿದ ಜಾಗವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿ ನೋಡಿ ಆಗಿತ್ತು.

ಕಾರು ತಣ್ಣಗಾಗುವವರೆಗೂ ಏನೂ ಮಾಡದೆ ಕೂತಿದ್ದೆ. ಲೈಟು ಸರಿಯಿದೆ. ಕ್ಲಾಂಪು, ಕಂಪ್ಯೂಟರ್ ಎರಡೂ ಸರಿಯಿವೆ. ಉಳಿದಿದ್ದು ಪುಲ್ಲಿಯ ಮೇಲಿನ ಗುರುತು. ಅದನ್ನು ನಾನು ಒಂದು ಸಲವೂ ಪ್ರಶ್ನೆ ಮಾಡಿರಲಿಲ್ಲ. ಗುರುತನ್ನು ನಂಬದೆ ಪಿಸ್ಟನ್ನನ್ನೇ ಕೇಳಬೇಕು ಎಂದು ತೀರ್ಮಾನಿಸಿದೆ.

ಮೊದಲನೇ ಪ್ಲಗ್ಗು ಬಿಚ್ಚಿದೆ. ಆ ತೂತಿನಲ್ಲಿ ಇಳಿಬಿಡಲು ಉದ್ದನೆಯ, ಮೆತ್ತಗಿನ ಏನಾದರೂ ಬೇಕು. ಕಬ್ಬಿಣದ್ದು ಹಾಕಿದರೆ ಒಳಗೆ ಗೀರು ಬೀಳುತ್ತದೆ. ಮೂಲೆಯ ಎಳನೀರಿನವರ ಹತ್ತಿರ ಹೋಗಿ ಒಂದು ಸ್ಟ್ರಾ ಕೇಳಿ ತಂದೆ. “ಎಳನೀರು ಇಲ್ದೆ ಬರೀ ಸ್ಟ್ರಾ ಏನ್ ಕುಡೀತೀರಕ್ಕ?” ಅಂದರು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸ್ಟ್ರಾ ಇಳಿಬಿಟ್ಟು ಹಿಡಿದುಕೊಂಡೆ. ನಮ್ಮ ಮನೆಯವರು ಪಾನಾ ಹಾಕಿ ಎಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದರು. ಪಿಸ್ಟನ್ ಏರಿದಂತೆ ಸ್ಟ್ರಾ ಏರಿತು, ಒಂದು ಹಂತದಲ್ಲಿ ನಿಂತಿತು, ಆಮೇಲೆ ಇಳಿಯತೊಡಗಿತು. ತುತ್ತತುದಿಯಲ್ಲಿ ಪಿಸ್ಟನ್ ಸ್ವಲ್ಪ ಹೊತ್ತು ನಿಂತಂತೆಯೇ ಇರುತ್ತದೆ, ಕಣ್ಣಿಗೆ ಮೋಸವಾಗುತ್ತದೆ. ಅದಕ್ಕೆ ಸ್ಟ್ರಾದ ಮೇಲೆ ಪೆನ್ನಿನಿಂದ ಗೆರೆ ಎಳೆದು, ಏರುವಾಗ ಆ ಗೆರೆ ಮುಟ್ಟಿದಾಗೊಮ್ಮೆ, ಇಳಿಯುವಾಗ ಅದೇ ಗೆರೆ ಮುಟ್ಟಿದಾಗೊಮ್ಮೆ ಪುಲ್ಲಿಯ ಮೇಲೆ ಚಾಕ್‌ಪೀಸಿನಿಂದ ಗುರುತು ಮಾಡಿದೆವು. ಆ ಎರಡರ ನಟ್ಟನಡುವೆ ಪಿಸ್ಟನ್ನಿನ ನಿಜವಾದ ತುದಿ. ಎಂಜಿನ್ನನ್ನು ಅಲ್ಲಿಗೆ ತಂದು ನಿಲ್ಲಿಸಿದೆವು.

ಸೊನ್ನೆಯ ಎದುರು ಬಿಳಿ ಗುರುತು ಇರಬೇಕಿತ್ತು. ಇರಲಿಲ್ಲ. ಅದು ಒಂದು ಬೆರಳಿನಷ್ಟು ಪಕ್ಕಕ್ಕಿತ್ತು. ಸೊನ್ನೆಯ ಎದುರು ಇದ್ದದ್ದು ಬರೀ ಎಣ್ಣೆಜಿಡ್ಡು. ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ, ಮೊಳೆಯ ತುದಿಯಿಂದ ಕೆದಕಿದೆ. ಕಪ್ಪು ಜಿಡ್ಡಿನ ಕೆಳಗಿಂದ ಕಂಪನಿಯವರು ಕೊರೆದ ಕಚ್ಚು ನಿಧಾನವಾಗಿ ಎದ್ದು ಬಂತು.

“ಹಾಗಾದ್ರೆ ಈ ಬಿಳೀದು ಏನು?” ಎಂದರು ನಮ್ಮ ಮನೆಯವರು.

ಕಚ್ಚು ಬೇಗ ಕಾಣಲೆಂದು ಅದರ ಮೇಲೆ ಬಿಳಿ ಬಣ್ಣ ತಾಗಿಸುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದೇ. ಬಿಳಿ ಕಂಡರೆ ಅದೇ ಗುರುತು ಎಂದು ಕಣ್ಣು ಒಪ್ಪಿಕೊಂಡುಬಿಡುತ್ತದೆ. ನಾನು ತಲೆಯೆತ್ತಿದೆ. ಎದುರಿಗೇ ಏರ್ ಫಿಲ್ಟರ್ ಡಬ್ಬಿ, ಅದರ ಮೇಲೆ ಮೂರು ಪಟ್ಟೆ. ಅದೇ ಬಿಳಿ, ಅದೇ ಹೊಳಪು. ಪುಲ್ಲಿಗೂ ಬಾಡಿಗೂ ನಡುವಿನ ಇಕ್ಕಟ್ಟಿನಲ್ಲಿ ಮೂರು ಬೆರಳು ಹೋಗುವುದಿಲ್ಲ. ಪೂಜೆಯ ದಿನ ಡ್ರೈವರಣ್ಣನ ಒಂದೇ ಬೆರಳು ಹೋಗಿತ್ತು.

ನಮ್ಮ ಮನೆಯವರೂ ಡಬ್ಬಿಯನ್ನು ನೋಡಿದರು. ಬೈಯಲಿಲ್ಲ. ಕಟಕಟ ಸದ್ದಿನ ಮಾತನ್ನೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಒಂದಿಷ್ಟು ಸಮಾಧಾನ ಆಗುತ್ತಿತ್ತೇನೋ.

ಕಾರು ಮೊದಲು ಬಂದ ದಿನ ಟೈಮಿಂಗ್ ಎಂಟರಲ್ಲೇ ಇತ್ತು. ಅದು ಇಪ್ಪತ್ತು ಎಂದು ಓದಿಕೊಂಡು ಹಿಂದಕ್ಕೆ ತಂದವಳು ನಾನು. ಪಿಸ್ಟನ್ ತುದಿ ಮುಟ್ಟಿ ಇಳಿಯತೊಡಗಿದ ಮೇಲೆ ಕಿಡಿ ಹಾರುತ್ತಿತ್ತು. ಎಂಜಿನ್ ಕುದಿಯದೆ, ಪೆಟ್ರೋಲ್ ಕುಡಿಯದೆ ಇನ್ನೇನು ಮಾಡೀತು? ನಿಜವಾದ ಕಚ್ಚಿನ ಮೇಲೆ ಲೈಟು ಹಿಡಿದು ಎಂಟಕ್ಕೆ ಇಟ್ಟೆ. ಎಂಜಿನ್ನಿನ ಸದ್ದು ತಕ್ಷಣ ಬಿಗಿಯಾಯಿತು. ಹೊಸ ಡ್ರೈವರ್ ದೇವಸ್ಥಾನದ ಏರಿಗೆ ಹೋಗಿ ಬಂದು, “ಸಖತ್ ಎಳೀತಿದೆ ಅಕ್ಕ, ಮೂರನೇ ಗೇರಲ್ಲೇ ಹತ್ತಿಬಿಡ್ತು,” ಎಂದ. ರಿಪೇರಿ ಆದ ಮೇಲೆ ಇಂಥ ಮಾತು ಕೇಳಿದರೆ ನನಗೆ ಖುಷಿಯಾಗುತ್ತದೆ. ಆ ದಿನ ಆಗಲಿಲ್ಲ.

ಜಯನಗರಕ್ಕೆ ನಾನೇ ಹೋದೆ. ಡಾಕ್ಟರಮ್ಮ ರೋಗಿಗಳನ್ನು ಕೇಳುವಂತೆ ಕೊನೆಯವರೆಗೂ ಕೇಳಿದರು.

“ನನ್ನ ರೀಡಿಂಗೇ ತಪ್ಪಿತ್ತು ಮೇಡಂ. ಡ್ರೈವರಣ್ಣನದು ಏನೂ ತಪ್ಪಿಲ್ಲ.”

“ತಪ್ಪು ರೀಡಿಂಗ್ ನಂಗೂ ಗೊತ್ತಮ್ಮ. ಬಿ.ಪಿ. ಮಿಷನ್ನು ತಪ್ಪು ತೋರಿಸಿದಾಗ ಪೇಷಂಟ್ ಮುಖ ನೋಡ್ತೀನಿ. ಅವನ ಮುಖಾನ ನಾನು ನೋಡ್ಲೇ ಇಲ್ಲ ನೋಡು.” ಕನ್ನಡಕ ತೆಗೆದಿಟ್ಟು, “ನಾನು ಫೋನ್ ಮಾಡಿದ್ರೆ ಎತ್ತಲ್ಲ ಅವನು. ನೀನು ಹೋಗಿ ಹೇಳ್ತೀಯಾ? ವಾಪಸ್ ಬರಬೇಕಂತೆ ಅನ್ನು,” ಎಂದರು.

ವಸಂತಪುರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗೇಟು ದೂರದಿಂದಲೇ ಬಿಳಿಯಾಗಿ ಹೊಳೆಯುತ್ತಿತ್ತು. ಡ್ರೈವರಣ್ಣ ಹೊರಗೇ ಇದ್ದರು, ಹಳದಿ ಸ್ಕೂಲ್ ವ್ಯಾನಿನ ಸೀಟುಗಳ ಸಂದಿಯಿಂದ ಬಿಸ್ಕತ್ತಿನ ಚೂರು ಗುಡಿಸುತ್ತಿದ್ದರು. ನನ್ನನ್ನು ನೋಡಿ ಪೊರಕೆ ಕೆಳಗಿಟ್ಟರು. “ಬನ್ನಿ ಅಕ್ಕ, ಕಾಫಿ ಕುಡೀರಿ,” ಎಂದರು, ಏನೂ ಆಗದವರಂತೆ.

ನಿಂತುಕೊಂಡೇ ಹೇಳಿದೆ. ಟೈಮಿಂಗನ್ನು ತಪ್ಪು ಇಟ್ಟವಳು ನಾನು, ಪುಲ್ಲಿಯ ಮೇಲಿನ ಗುರುತನ್ನು ಸರಿಯಾಗಿ ನೋಡಲಿಲ್ಲ, ಡಾಕ್ಟರಮ್ಮನಿಗೆ ಹೇಳಿ ಬಂದಿದ್ದೇನೆ, ವಾಪಸ್ ಕರೆಯುತ್ತಿದ್ದಾರೆ ಎಂದೆ.

“ಗುರುತು ಅಂದ್ರೆ?”

“ಪುಲ್ಲಿ ಮೇಲೆ ಬೇರೆ ಒಂದು ಗೆರೆ ಇತ್ತು. ಅದನ್ನೇ ಕಂಪನಿ ಗುರುತು ಅಂದ್ಕೊಂಡೆ.”

“ಎಂಥ ಗೆರೆ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಬಿಳೀದು,” ಎಂದೆ.

ಅವರು ತಮ್ಮ ಬಲಗೈಯ ಬೆರಳುಗಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ ನನ್ನ ಹಿಂದೆ ಇದ್ದ ಗೇಟಿನ ಕಡೆಗೆ ನೋಡಿದರು.

“ಡಾಕ್ಟರಮ್ಮಂಗೆ ಏನಂತ ಹೇಳಿದ್ರಿ?”

“ನನ್ನ ರೀಡಿಂಗ್ ತಪ್ಪಿತ್ತು ಅಂತ.”

“ಅಷ್ಟೇನಾ?”

“ಅಷ್ಟೇ ಅಣ್ಣ. ಇರೋದೂ ಅಷ್ಟೇ. ಗೆರೆ ಯಾರಾದ್ರೂ ಎಳೀಬಹುದು, ನೋಡ್ಬೇಕಾದವಳು ನಾನು.”

ಒಳಗಿಂದ ಕಾಫಿ ಬಂತು. ಇಬ್ಬರೂ ಕುಡಿದೆವು. ವಾಪಸ್ ಹೋಗುವ ಮಾತಿಗೆ ಅವರು ಲೋಟ ಕೆಳಗಿಡುವಾಗ ಉತ್ತರ ಕೊಟ್ಟರು: “ಅಮ್ಮಂಗೆ ನಮಸ್ಕಾರ ಹೇಳಿ ಅಕ್ಕ. ಹಬ್ಬಕ್ಕೆ ಬರ್ತೀನಿ, ಊಟ ಮಾಡ್ಕೊಂಡು ಬರ್ತೀನಿ. ಕೀ ಮಾತ್ರ ಬೇಡ. ಇನ್ಮೇಲೆ ಕೀ ಜೇಬಲ್ಲಿದ್ರೆ ನಂಗೇ ಭಾರ ಅನ್ಸುತ್ತೆ.”

ಗೇಟು ಹಾಕಿಕೊಂಡು ಬಂದೆ.

ಈಗ ಯಾವ ಕಾರಿಗೇ ಆಗಲಿ, ಲೈಟು ಕೈಗೆತ್ತಿಕೊಳ್ಳುವ ಮೊದಲು ಪುಲ್ಲಿಯನ್ನು ಒರೆಸಿ ಕಚ್ಚನ್ನು ಉಗುರಿನಿಂದ ಮುಟ್ಟಿ ನೋಡುತ್ತೇನೆ. ಸಂಶಯ ಬಂದರೆ ಸ್ಟ್ರಾ ತರುತ್ತೇನೆ. ಎಳನೀರಿನವರು ಈಗ ಕೇಳದೆಯೇ ಕೊಡುತ್ತಾರೆ. ಇದರಿಂದ ಕೆಲಸ ನಿಧಾನವಾಗಿದೆ, ಕಾಯುವವರು ಗೊಣಗುತ್ತಾರೆ.

ಡಾಕ್ಟರಮ್ಮನ ಕಾರು ಮೊನ್ನೆ ಸರ್ವೀಸಿಗೆ ಬಂದಿತ್ತು. ಪುಲ್ಲಿಯ ಮೇಲಿನ ಗೆರೆಯನ್ನು ಅವತ್ತೇ ಕೆರೆದು ತೆಗೆದಿದ್ದೆ. ಏರ್ ಫಿಲ್ಟರ್ ಡಬ್ಬಿಯ ಮೇಲೆ ಮೂರು ಪಟ್ಟೆ ಹಾಗೇ ಇವೆ, ಕುಂಕುಮ ಮಾತ್ರ ಹೋಗಿದೆ. ಹೊಸ ಡ್ರೈವರ್ ಒರೆಸುವ ಬಟ್ಟೆ ಹಿಡಿದು ಬಗ್ಗಿದ.

“ಇದೇನಕ್ಕ, ಹಳೇ ಬಣ್ಣ. ಕೆರೆದು ತೆಗೆದುಬಿಡ್ಲಾ?”

“ಬೇಡ, ಇರ್ಲಿ ಬಿಡು,” ಎಂದೆ. “ಅದು ಯಾವ ರೀಡಿಂಗಿಗೂ ಅಡ್ಡ ಬರಲ್ಲ.”